ಮೂಗು ಉಳಿಸಿಕೊಂಡ ವರ್ಷ

ನಮ್ಮತ್ತೆ ಬದುಕಿರುವಷ್ಟು ದಿನ ನನ್ನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಇವಳಿಗೆ ಸಿಟ್ಟು ಮೂಗಿನ ತುದೀಲೇ ಐತೆ." ಅದೇನು ಸುಳ್ಳಲ್ಲ. ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಕೂತವಳು ನಾನು. ಅಳತೆ ಬ್ಲೌಸ್ ತರದೆ "ಅಂದಾಜಿನ ಮ್ಯಾಲೆ ಹೊಲೀರಿ" ಎಂದವರನ್ನು, ಹಬ್ಬದ ಹಿಂದಿನ ದಿನ ಬಟ್ಟೆ ತಂದು "ನಾಳಿಗೆ ಬೇಕು" ಎಂದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದೇನೆ. ಸಿಟ್ಟು ಕೂತಿದ್ದ ಜಾಗದಲ್ಲೇ ಕಾಯಿಲೆಯೂ ಬಂದು ಕೂತಿತು ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಯಾರೂ ನಗಲಿಲ್ಲ. ಈಗ ನಾನೂ ನಗುವುದಿಲ್ಲ.

ಮೊದಲು ಬಂದದ್ದು ಒಂದು ಸಣ್ಣ ಹಕ್ಕಳೆ. ಎಡಗಡೆ ಹೊಳ್ಳೆಯ ಒಳಗೆ, ಮೂಗುತಿಯ ತಿರುಪು ಕೂರುವ ಜಾಗದ ಪಕ್ಕದಲ್ಲೇ. ಕಿತ್ತರೆ ರಕ್ತ, ಬಿಟ್ಟರೆ ಮತ್ತೆ ಹಕ್ಕಳೆ. ಮೂಗುತಿ ಹಾಕಿದ ಯಾವ ಹೆಂಗಸನ್ನು ಕೇಳಿದರೂ ಇದಕ್ಕೆ ಒಂದೇ ಕಾರಣ ಹೇಳುತ್ತಾಳೆ, ತಿರುಪು ಒತ್ತುತ್ತಿದೆ. ನಾನೂ ಹಾಗೇ ಅಂದುಕೊಂಡೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಅಕ್ಕಸಾಲಿಗರ ಹತ್ತಿರ ಹೋಗಿ ತಿರುಪು ಬದಲಾಯಿಸಿಕೊಂಡು ಬಂದೆ. ಹೊನ್ನಾಳಿಯ ಡಾಕ್ಟರು ಮುಲಾಮು ಬರೆದುಕೊಟ್ಟು, "ಸ್ವಲ್ಪ ದಿನ ಮೂಗುತಿ ತೆಗೆದಿಡಿ" ಎಂದರು. ಗಂಡ ಎದುರಿಗೇ ಓಡಾಡಿಕೊಂಡಿರುವಾಗ ಹೆಂಡತಿ ಬರಿ ಮೂಗಿನಲ್ಲಿ ಇರುವುದುಂಟೇ? ಮುಲಾಮು ಹಚ್ಚಿದೆ, ಮೂಗುತಿ ಬಿಡಲಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ ಹೀಗೇ ನಡೆಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿಕೊಂಡೆ.

ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವುದು, ಹುಕ್ಕು ಕಾಜ ಮಾಡುವುದು ಒಬ್ಬ ಆಪಾಳ ಕೆಲಸ. ಕೆರೆಬಿಳಚಿಯಿಂದ ನ್ಯಾಮತಿಗೆ ಮದುವೆಯಾಗಿ ಬಂದವಳು. ಅವಳೂ ನಾನೂ ಒಂದೇ ವಾರಗೆಯವರು. ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ, ನಾನು ಅವಳನ್ನು ಅವರ ಮಾತಿನಲ್ಲಿ ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತೇನೆ, ನಮ್ಮಿಬ್ಬರಲ್ಲಿ ಹಿರಿಯರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತಿದ್ದವಳು ನನ್ನ ಮುಖವನ್ನೇ ನೋಡಿ, "ಅಕ್ಕಾ, ನಿಮ್ದು ಒಂದ್ ಕಡೆ ಮೂಗು ದಪ್ಪ ಕಾಣ್ತೈತೆ ನೋಡ್ರಿ" ಎಂದಳು. "ನಿಂಗ್ಯಾಕೆ ನನ್ ಮೂಗಿನ ಚಿಂತೆ, ಹುಕ್ಕು ಹಚ್ಚು" ಎಂದು ಗದರಿದೆ. ಅವಳು ಮನೆಗೆ ಹೋದ ಮೇಲೆ ಟ್ರಯಲ್ ನೋಡುವ ದೊಡ್ಡ ಕನ್ನಡಿಯ ಮುಂದೆ ನಿಂತೆ. ದಿನಾ ಗಿರಾಕಿಗಳನ್ನು ನಿಲ್ಲಿಸಿ ಎಡಭುಜ ಬಲಭುಜ ಸಮ ಬಂದಿದೆಯಾ ಎಂದು ನೋಡುವ ಕಣ್ಣಿಗೆ ಸ್ವಂತ ಮುಖದ ಸೊಟ್ಟ ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊನ್ನಾಳಿಯ ಡಾಕ್ಟರು ಈ ಸಲ ಮುಲಾಮು ಬರೆಯಲಿಲ್ಲ. ದಾವಣಗೆರೆಗೆ ಕಳಿಸಿದರು. ಅಲ್ಲಿ ಮೂಗಿನೊಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿ, ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಕ್ಯಾನ್ಸರ್ ಎಂಬ ಮಾತನ್ನು ನಮ್ಮನೆಯವರು ಬಾಯಿಬಿಟ್ಟು ಹೇಳಲೇ ಇಲ್ಲ. ಲಗೇಜ್ ಆಟೋ ಓಡಿಸುವ ಮನುಷ್ಯ, ಮಾತು ಮೊದಲೇ ಕಮ್ಮಿ. ಡಾಕ್ಟರ ಕೋಣೆಯಿಂದ ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತು, "ಅದು ಐತಂತೆ" ಎಂದರು. ಅಷ್ಟೇ. ಯಾವುದು ಎಂದು ನಾನೂ ಕೇಳಲಿಲ್ಲ.

ಅದೇ ವಾರ ಜಗಳೂರಿನಿಂದ ಮಗಳ ಫೋನ್ ಬಂತು, ಅವಳಿಗೆ ಮುಟ್ಟು ನಿಂತಿತ್ತು. ನಮಗೆ ಒಬ್ಬಳೇ ಮಗಳು. ಜಗಳೂರಿಗೆ ಕೊಟ್ಟಿದ್ದೇವೆ. ಅಳಿಯಂದಿರದು ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ. ಇವಳು ಅಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದಳು. ಹಿಂದೆ ಒಂದು ಸಲ ಬಸಿರು ನಿಂತು ಮೂರು ತಿಂಗಳಿಗೇ ಹೋಗಿಬಿಟ್ಟಿತ್ತು. ಆಮೇಲೆ ಬಹಳ ದಿನ ಏನೂ ಇರಲಿಲ್ಲ. ಬೀಗರ ಕಡೆಯ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು, ಹೋದರೆ ಎಲ್ಲರೂ ಹೊಟ್ಟೆಯನ್ನೇ ನೋಡುತ್ತಾರೆ ಎಂದು. ಈಗ ಫೋನಿನಲ್ಲಿ ಅಳುತ್ತ ನಗುತ್ತಿದ್ದಳು. ನನ್ನ ವಿಷಯ ಅವಳಿಗೆ ಆವತ್ತು ಹೇಳಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆಯೂ ಬಾಣಂತನವೂ ತವರಿನದು. ಏಳನೇ ತಿಂಗಳಿಗೆ ತಾಯಿ ಹಸಿರು ಸೀರೆ, ಹಸಿರು ಕುಬಸ ತೆಗೆದುಕೊಂಡು ಬೀಗರ ಮನೆಗೆ ಹೋಗಬೇಕು. ಮಗಳಿಗೆ ಅದನ್ನು ಉಡಿಸಿ ತೊಡಿಸಿ, ಉಡಿ ತುಂಬಿ, ಮನೆಗೆ ಕರೆದುಕೊಂಡು ಬರಬೇಕು. ಆ ಶಾಸ್ತ್ರಕ್ಕೇ ಕುಬಸ ಎನ್ನುತ್ತಾರೆ. ನ್ಯಾಮತಿಯ ಅರ್ಧ ಬಸುರಿಯರ ಕುಬಸ ನನ್ನ ಮಿಷನ್ನಿನಲ್ಲೇ ಹೊಲಿದದ್ದು. ಹೊಟ್ಟೆ ಬೆಳೆಯುವುದಕ್ಕೆ ಎಷ್ಟು ಬಟ್ಟೆ ಒಳಗೆ ಮಡಚಿ ಬಿಡಬೇಕು, ಹಾಲು ಕುಡಿಸಲು ಹುಕ್ಕು ಎಲ್ಲಿ ಬರಬೇಕು, ಎಲ್ಲ ಕೈಗೆ ಗೊತ್ತು. ಬೇರೆಯವರ ಮಕ್ಕಳಿಗೆ ಹೊಲಿಯುವಾಗ ನನ್ನ ಮಗಳದು ಯಾವಾಗ ಎಂದು ಮನಸ್ಸಿನಲ್ಲಿ ಅಂದುಕೊಳ್ಳದ ದಿನವಿಲ್ಲ. ಅವಳ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯಬೇಕು. ಈ ಜನ್ಮದಲ್ಲಿ ನಾನು ದೇವರನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಬೆಂಗಳೂರಿನ ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಎರಡು ದಾರಿ ಇದೆ ಎಂದಳು. ಒಂದು, ಆಪರೇಷನ್ ಮಾಡಿ ಆ ಭಾಗದ ಮೂಗನ್ನು ತೆಗೆಯುವುದು. ಎಷ್ಟು ತೆಗೆಯಬೇಕು ಎಂಬುದು ತೆರೆದ ಮೇಲೆ ತಿಳಿಯುತ್ತದೆ. ಇನ್ನೊಂದು, ಮೂಗಿನೊಳಗಿಂದಲೇ ವಿಕಿರಣ ಕೊಡುವುದು. ನಮ್ಮ ಜನ ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ಹೊರಗಿನಿಂದ ಕೊಡುವುದನ್ನು ಕೇಳಿದ್ದೆ, ಒಳಗಿನಿಂದ ಕೊಡುವುದು ಹೊಸದು. ಗಡ್ಡೆಯ ಸುತ್ತ ಸಣ್ಣ ಸಣ್ಣ ಪ್ಲಾಸ್ಟಿಕ್ ನಳಿಗೆಗಳನ್ನು ತೂರಿಸಿ ಇಡುತ್ತಾರೆ. ಅವುಗಳ ಒಳಗೆ ಒಂದು ತಂತಿ ಹೋಗುತ್ತದೆ, ತಂತಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ವಿಕಿರಣದ ವಸ್ತು. ಅದು ಒಳಗೆ ಹೋಗಿ, ಅಲ್ಲಲ್ಲಿ ನಿಂತು, ಸುಟ್ಟು, ವಾಪಸ್ ಬರುತ್ತದೆ. ಮೂಗು ಉಳಿಯುತ್ತದೆ. ಕಾಯಿಲೆ ತಿರುಗಿ ಬರುವುದಿಲ್ಲ ಎಂದು ಬರೆದುಕೊಡಲು ಆಗುವುದಿಲ್ಲ, ಆದರೂ ಇದು ಸಣ್ಣದಿದೆ, ಒಳ್ಳೆಯ ಫಲ ಸಿಗಬಹುದು ಎಂದಳು.

"ನಾಲ್ಕು ತಿಂಗ್ಳಿಗೆ ಮಗಳ ಕುಬಸ ಐತೆ ಡಾಕ್ಟ್ರೇ" ಎಂದೆ. "ಮೂಗಿಲ್ದಾಕಿ ಬೀಗರ ಮನೆ ಬಾಗ್ಲಿಗೆ ಹೆಂಗೆ ಹೋಗ್ಲಿ?" ಡಾಕ್ಟರು ನಗಲಿಲ್ಲ. ಒಳಗಿನಿಂದಲೇ ಕೊಡೋಣ ಎಂದಳು. ಹಾವೂ ಸಾಯಬೇಕು ಕೋಲೂ ಮುರಿಯಬಾರದು, ನನಗೂ ಬೇಕಾದದ್ದು ಅದೇ. ಖುಷಿಯಿಂದಲೇ ಒಪ್ಪಿದೆ ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ಮೂಗುತಿಯ ತಿರುಪು ಊತದಲ್ಲಿ ಹೂತುಹೋಗಿತ್ತು, ಬಿಚ್ಚಲು ಬರಲಿಲ್ಲ, ಸಣ್ಣ ಇಕ್ಕಳದಲ್ಲಿ ಕತ್ತರಿಸಿ ತೆಗೆದರು. ಮತ್ತಿನ ಇಂಜೆಕ್ಷನ್ ಇಳಿದು ಎಚ್ಚರವಾದಾಗ ಮೂಗಿನ ತುಂಬ ನಳಿಗೆಗಳು. ಉಸಿರೆಲ್ಲ ಬಾಯಲ್ಲೇ. ಮೂಗಿಗೆ ಕೈ ಹೋಯಿತು, ನರ್ಸು ತಡೆದಳು. ಆಮೇಲೆ ಕನ್ನಡಿ ಕೇಳಿ ಇಸಿದುಕೊಂಡೆ. ನಳಿಗೆಗಳು ಜಾರದ ಹಾಗೆ ತುದಿಗೆ ಸಣ್ಣ ಸಣ್ಣ ಗುಂಡಿ ಹಾಕಿ, ದಾರದಿಂದ ಚರ್ಮಕ್ಕೆ ಹೊಲಿದಿದ್ದರು. ಹೊಲಿಗೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಳೆತ ಎಲ್ಲೂ ಹೆಚ್ಚುಕಮ್ಮಿ ಇರಲಿಲ್ಲ. ನಾನು ಇಷ್ಟು ವರ್ಷ ಎಷ್ಟು ಜನರಿಗೆ ಗುಂಡಿ ಹಚ್ಚಿದ್ದೇನೋ, ಕೊನೆಗೆ ನನ್ನ ಮೂಗಿಗೂ ಯಾರೋ ಹಚ್ಚಿದರು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗಾಲಿಕುರ್ಚಿಯಲ್ಲಿ ಕೂರಿಸಿ ಕರೆಂಟು ಕೊಡುವ ಕೋಣೆಗೆ ಒಯ್ಯುತ್ತಿದ್ದರು. ಮಂಚದ ಮೇಲೆ ಮಲಗಿಸಿ, ಮೂಗಿನ ನಳಿಗೆಗಳಿಗೆ ಮಿಷನ್ನಿನ ನಳಿಗೆಗಳನ್ನು ಒಂದೊಂದಾಗಿ ಸೇರಿಸಿ, "ಅಲ್ಲಾಡಬೇಡಿ ಅಮ್ಮಾ, ನಾವು ಕ್ಯಾಮೆರಾದಲ್ಲಿ ನೋಡ್ತಾ ಇರ್ತೀವಿ" ಎಂದು ಹೇಳಿ ಎಲ್ಲರೂ ಹೊರಗೆ ಹೋಗುತ್ತಿದ್ದರು. ಬಾಗಿಲು ಗೋಡೆಯಷ್ಟು ದಪ್ಪ. ಅದು ಮುಚ್ಚಿಕೊಂಡ ಮೇಲೆ ಹೊರಗಿನ ಒಂದು ಸದ್ದೂ ಇಲ್ಲ. ಮಿಷನ್ ಗುರ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುರ್ ಎನ್ನುತ್ತದೆ. ನೋವಿಲ್ಲ. ಬಿಸಿಯೂ ಇಲ್ಲ. ಆದರೆ ಆ ಒಂಟಿತನ ಕೆಟ್ಟದ್ದು. ಹೆರಿಗೆಯ ಕೋಣೆಯಲ್ಲಾದರೂ ಯಾರೋ ಒಬ್ಬರು ಕೈ ಹಿಡಿದುಕೊಂಡಿರುತ್ತಾರೆ. ಇಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಪಾರಾಗಬೇಕು ಎಂಬುದೇ ಪದ್ಧತಿ. ನಾನು ಕಣ್ಣು ಮುಚ್ಚಿಕೊಂಡು ಮಗಳ ಕುಬಸವನ್ನು ಮನಸ್ಸಿನಲ್ಲೇ ಕತ್ತರಿಸುತ್ತಿದ್ದೆ. ಮೊದಲು ಬೆನ್ನು, ಆಮೇಲೆ ಮುಂಭಾಗ, ಆಮೇಲೆ ತೋಳು. ತೋಳು ಮುಗಿಯುವಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು.

ಬರಬೇಡ ಎಂದರೂ ಮಗಳು ಬಂದಳು. ಅಳಿಯಂದಿರು, ಬೀಗಿತ್ತಿ ಜೊತೆಗಿದ್ದರು. ಆ ಕೋಣೆಯ ಬಾಗಿಲಿನ ಮೇಲೆ ಹಳದಿ ಬಣ್ಣದ ಮೂರು ದಳದ ಗುರುತು, ಅದರ ಕೆಳಗೆ ಗರ್ಭಿಣಿಯರಿಗೆ ಪ್ರವೇಶವಿಲ್ಲ ಎಂದು ಬರೆದ ಬೋರ್ಡು. ವಾಚ್‌ಮನ್ ಮಗಳು ಬಸುರಿ ಎಂದು ಕೇಳಿ ತಿಳಿದುಕೊಂಡು, "ಇಲ್ಲಿ ನಿಲ್ಲಬೇಡಿ ಮೇಡಂ, ಆ ಕಡೆ ಹೋಗಿ" ಎಂದು ದೂರ ಕಳಿಸಿದನಂತೆ. ಬೀಗಿತ್ತಿ ಅಲ್ಲೇ ನಿಂತು ಎಲ್ಲ ನೋಡಿದರು. ನರ್ಸು, ಟೆಕ್ನಿಷಿಯನ್, ಡಾಕ್ಟರು ಒಬ್ಬೊಬ್ಬರಾಗಿ ಹೊರಗೆ ಬಂದದ್ದು, ಬಾಗಿಲು ಮುಚ್ಚಿದ್ದು, ಮೇಲೆ ಕೆಂಪು ದೀಪ ಹತ್ತಿದ್ದು. ನನ್ನನ್ನು ಹೊರಗೆ ತಂದಾಗ ಮಗಳು ವರಾಂಡದ ಆ ತುದಿಯಿಂದ ಅವ್ವಾ ಎಂದು ಓಡಿಬಂದಳು. ಬೀಗಿತ್ತಿ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ನಳಿಗೆ ತುಂಬಿದ ನನ್ನ ಮುಖ ನೋಡಿ ಹೆದರಿದರು ಎಂದು ನಾನು ತಿಳಿದೆ.

ನಳಿಗೆ ತೆಗೆದ ದಿನ ಡಾಕ್ಟರನ್ನು ಕೇಳಿದೆ, "ಬಾಣಂತನ ಮಾಡಬಹುದಾ ನಾನು?" ಮಾಡಬಹುದು ಎಂದಳು. ತಂತಿ ಹೊರಗೆ ಬಂದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ಬಸುರಿಯ ಪಕ್ಕ ಮಲಗಬಹುದು, ಮಗುವನ್ನು ಎತ್ತಿಕೊಳ್ಳಬಹುದು, ಮುದ್ದಾಡಬಹುದು. ನಮ್ಮನೆಯವರ ಮುಂದೆಯೇ ಹೇಳಿದಳು. ಆಮೇಲೆ ನನ್ನ ಒತ್ತಾಯಕ್ಕೆ ಅಳಿಯಂದಿರಿಗೆ ಫೋನ್ ಮಾಡಿ ಅವರಿಗೂ ಬಿಡಿಸಿ ಹೇಳಿದಳು. ಅಳಿಯಂದಿರು ಎಲ್ಲದಕ್ಕೂ ಆಯ್ತು ಮೇಡಂ ಎಂದರು.

ನ್ಯಾಮತಿಗೆ ಬಂದ ಮೇಲೆ ಮೂಗಿನ ಮೇಲಿನ ಚರ್ಮ ಕಪ್ಪಗಾಗಿ ಸುಲಿಯಿತು. ಒಳಗೆ ಹುಣ್ಣು, ದಿನಾ ಉಪ್ಪುನೀರಿನಲ್ಲಿ ತೊಳೆಯಬೇಕು. ವಾಸನೆ ಪೂರ್ತಿ ಹೋಗಿತ್ತು. ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಇದನ್ನೆಲ್ಲ ನಾನು ಲೆಕ್ಕಕ್ಕೇ ಇಡಲಿಲ್ಲ. ಮೂಗು ಮುಖದ ಮೇಲಿತ್ತಲ್ಲ. ಹಸಿರು ಖಣ ತಂದು ಕುಬಸ ಹೊಲಿದೆ. ಅಷ್ಟು ನಿಧಾನಕ್ಕೆ ಯಾವ ಬಟ್ಟೆಯನ್ನೂ ಹೊಲಿದವಳಲ್ಲ. ಆಪಾ ಹುಕ್ಕು ಹಚ್ಚಲು ಕೈ ಚಾಚಿದರೆ ಕೊಡದೆ ಅದನ್ನೂ ನಾನೇ ಹಚ್ಚಿದೆ.

ಕುಬಸಕ್ಕೆ ವಾರ ಇರುವಾಗ ಬೀಗಿತ್ತಿ ಫೋನ್ ಮಾಡಿದರು. ಮಾತು ಬೆಣ್ಣೆ. "ನೀವು ಬಾಳ ಸುಸ್ತಾಗೀರಿ ಬೀಗರೇ. ಇಷ್ಟು ದೂರ ಬರಾಕೆ ಹೋಗ್‌ಬ್ಯಾಡ್ರಿ. ಕುಬಸ ನಾವೇ ಮಾಡ್ಕಂತೀವಿ, ನಿಮ್ಮನೆಯೋರನ್ನ ಕಳಿಸ್ರಿ ಸಾಕು" ಎಂದರು. ಮತ್ತೆ ಬಾಣಂತನ ಎಂದು ಕೇಳಿದೆ. "ಅದಕ್ಕೇನಂತೆ, ಚನ್ನಗಿರೀಲಿ ನಿಮ್ಮ ತಂಗ್ಯಾರು ಅದಾರಲ್ಲ. ತವರು ಅಂದ್ರೆ ತಾಯಿ ಒಬ್ಳೇನಾ, ಚಿಗವ್ವನ ಮನೇನೂ ತವರೇ." ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ. ನನಗೆ ಸಿಟ್ಟು ಏರಿತು. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹೇಳ್ತಾರೆ ಬಿಡ್ರಿ. ಏನೂ ಇಲ್ಲ ಅನ್ನಾರು ಬಾಗ್ಲು ಹಾಕ್ಕಂಡು ಹೊರಗ್ಯಾಕೆ ಓಡ್ತಾರೆ? ಗ್ರಹಣದ ಕಿರಣ ಬೀಳಬಾರ್ದು ಅಂತ ಬಸುರೇರನ್ನ ಒಳಗೆ ಕುಂದ್ರಿಸ್ತೀವಿ. ನಿಮಗೆ ಮೂಗಿನ ಒಳಗೇ ಕಿರಣ ಬಿಟ್ಟಾರೆ. ನನ್ ಸೊಸೀಗೆ ಒಂದ್ ಸಲ ಹೋಗೈತೆ, ನೀವೂ ತಾಯಿನೇ" ಎಂದರು.

ಫೋನ್ ಇಟ್ಟುಬಿಟ್ಟೆ. ಯಾಕೆಂದರೆ ಹಿಂದಿನ ಗ್ರಹಣದ ದಿನ ನಾನೇ ಮಗಳಿಗೆ ಬೆಳಿಗ್ಗೆಯೇ ಫೋನ್ ಮಾಡಿ, ಹೊರಗೆ ಕಾಲಿಡಬೇಡ, ಸೂಜಿ ಕತ್ತರಿ ಮುಟ್ಟಬೇಡ, ತರಕಾರಿ ಹೆಚ್ಚಬೇಡ ಎಂದು ಹೇಳಿದ್ದೆ. ಅವಳು ನನ್ನ ಹೊಟ್ಟೆಯಲ್ಲಿದ್ದಾಗ ನಾನೂ ಗ್ರಹಣಕ್ಕೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ಕತ್ತಲ ಕೋಣೆಯಲ್ಲಿ ಕೂತವಳೇ. ಬೀಗಿತ್ತಿ ಬೇರೆ ಯಾವ ಲೋಕದಿಂದಲೂ ಬಂದವರಲ್ಲ. ನನ್ನ ಮಾತನ್ನೇ ನನಗೆ ಹೇಳಿದರು.

ಕುಬಸ, ಸೀರೆ, ಸಜ್ಜೆರೊಟ್ಟಿ, ಶೇಂಗಾಚಟ್ನಿ ಎಲ್ಲ ಗಂಟು ಕಟ್ಟಿ ನಮ್ಮನೆಯವರ ಕೈಯಲ್ಲಿ ಕಳಿಸಿದೆ. ಸಂಜೆ ಬಂದವರು ಕೈಕಾಲು ತೊಳೆದು ಕೂತರು. ಕುಬಸ ಸರಿಹೋಯಿತಾ ಎಂದೆ. "ಹಾಕ್ಕಳಲಿಲ್ಲ" ಎಂದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನನ್ನ ಕರ್ಮ. ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದರು, "ಗಂಟಿನ ಮ್ಯಾಲೆ ಗರಿಕೆ ಹಾಕಿ ಹಿತ್ಲಾಗೆ ಇಟ್ರು." ಗ್ರಹಣದ ದಿನ ಉಪ್ಪಿನಕಾಯಿ ಭರಣಿಯ ಮೇಲೆ, ಹಾಲಿನ ಪಾತ್ರೆಯ ಮೇಲೆ ಕಿರಣ ತಾಗದಿರಲಿ ಎಂದು ನಾವು ಗರಿಕೆ ಹಾಕುತ್ತೇವೆ. ನಾನು ಹೊಲಿದ ಕುಬಸದ ಮೇಲೂ ಹಾಕಿದ್ದರು. ಮಗಳು ಅಂಗಡಿಯಿಂದ ತಂದ ಬ್ಲೌಸ್ ತೊಟ್ಟು ಕೂತಳಂತೆ, ಭುಜದಲ್ಲಿ ಸಡಿಲವಾಗಿತ್ತಂತೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮೂಗಿನೊಳಗಿನ ಹುಣ್ಣಿಗೆ ಅಳು ಕೂಡ ಉರಿಯುತ್ತದೆ ಎಂದು ಆವತ್ತು ಗೊತ್ತಾಯಿತು.

ಚನ್ನಗಿರಿಯಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ನನ್ನ ತಂಗಿ ಬಾಣಂತನಕ್ಕೆ ನಿಂತಳು. ಹೋಗಬೇಡ ಎಂದು ಯಾರೂ ನೇರ ಹೇಳಿರಲಿಲ್ಲ, ಆದ್ದರಿಂದ ಹೋದೆ. ಅಂಟಿನುಂಡೆ ಕಟ್ಟಿಕೊಂಡು, ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ಹೋದೆ. ತಂಗಿ ಡಬ್ಬಿ ತೆರೆದು ಮೂಸಿ ನೋಡಿ, "ಅಕ್ಕಾ, ಕೊಬ್ರಿ ಸೀದು ಹೋಗೈತಲ್ಲೇ" ಎಂದಳು. ಒಲೆಯ ಮುಂದೆಯೇ ನಿಂತು ಹುರಿದಿದ್ದೆ, ನನಗೆ ತಿಳಿದಿರಲಿಲ್ಲ. ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಕೂತೆ. ಒಳಕೋಣೆಯ ಬಾಗಿಲಿನಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಬಚ್ಚಲಿನಲ್ಲಿ ತಂಗಿ ಕಾಲು ನೀಡಿಕೊಂಡು ಮಗುವಿಗೆ ಎರೆಯುವ ಸದ್ದು, ಮಗು ಚೀರುವ ಸದ್ದು. ನೀರು ಹೆಚ್ಚು ಬಿಸಿಯಾಯಿತೇನೋ, ತಲೆಗೆ ಕೈ ಅಡ್ಡ ಹಿಡಿದಿದ್ದಾಳೋ ಇಲ್ಲವೋ ಎಂದು ಕೂತಲ್ಲೇ ಒದ್ದಾಡಿದೆ.

ಎರೆದು, ಬಟ್ಟೆ ಸುತ್ತಿ, ಮಗಳ ಪಕ್ಕ ಮಲಗಿಸಿದರು. ನಾನು ಎದ್ದು ಬಾಗಿಲಿಗೆ ಹೋದೆ. "ಒಂದ್ಸಲ ಕೊಡೇ" ಎಂದೆ. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆಗೆ ಸರಿದಳು. ಬೀಗಿತ್ತಿ ಅಲ್ಲಿರಲಿಲ್ಲ, ಜಗಳೂರಿನಲ್ಲಿದ್ದರು. ಸರಿದವಳು ನನ್ನ ಮಗಳೇ.

"ಅಲ್ಲೇ ಇರವ್ವಾ" ಎಂದಳು. "ಇನ್ನೊಂದ್ ಸ್ವಲ್ಪ ದಿನ."

"ನೀನು ವಿಜ್ಞಾನ ಕಲಿಸಾಕಿ. ಡಾಕ್ಟ್ರು ಹೇಳಿದ್ದು ನಿಂಗೂ ನಂಬ್ಕಿ ಇಲ್ವಾ?"

"ನಂಬ್ಕಿ ಐತವ್ವಾ. ಓದೀನಿ. ಏನೂ ಆಗಲ್ಲ ಅಂತ ಗೊತ್ತೈತೆ." ಅವಳ ಕಣ್ಣು ತುಂಬಿತ್ತು. "ಆದ್ರೂ ಭಯ ಆಗ್ತೈತೆ. ಮೊದಲ್ನೇದು ಹೋದಾಗ್ಲೂ ಎಲ್ಲಾರೂ ಏನೂ ಆಗಲ್ಲ ಅಂತಾನೇ ಹೇಳಿದ್ರು."

ಬೀಗಿತ್ತಿಯ ಜೊತೆ ಜಗಳ ಆಡಬಹುದು. ಇದರ ಜೊತೆ ಏನು ಆಡುವುದು? ಬಾಗಿಲಿನಲ್ಲೇ ನಿಂತು ಮಗುವಿನ ತಲೆಗೂದಲು ನೋಡಿದೆ, ಬಟ್ಟೆಯಿಂದ ಹೊರಗೆ ಚಾಚಿದ ಒಂದು ಕಾಲು ನೋಡಿದೆ. ಎಳೆಮಗುವಿನ ನೆತ್ತಿಯ ವಾಸನೆ ಹೇಗಿರುತ್ತದೆ ಎಂದು ನೆನಪು ಮಾಡಿಕೊಳ್ಳಲು ಹೋದೆ, ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟೆ. ತಂಗಿ ಊಟ ಮಾಡಿಕೊಂಡು ಹೋಗು ಎಂದು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದಳು. ಅವಳ ಮೇಲೂ ಸಿಟ್ಟು ಮಾಡಿದೆ, ಅವಳದೇನೂ ತಪ್ಪಿರಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಗಳು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಅದರಲ್ಲಿ ಕಡಿಮೆ ಮಾಡಲಿಲ್ಲ. ಮಗು ಬೋರಲು ಬಿದ್ದದ್ದು, ಕೂತದ್ದು ಎಲ್ಲ ಅಂಗೈಯಗಲದ ಫೋನಿನಲ್ಲಿ ನೋಡಿದೆ. ಹೆಸರಿಡುವ ಶಾಸ್ತ್ರಕ್ಕೆ ಜಗಳೂರಿಗೆ ಹೋಗಲಿಲ್ಲ, ಜ್ವರ ಎಂದು ನಾನೇ ಹೇಳಿದೆ. ಇನ್ನೊಂದು ಬಾಗಿಲಿನಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ.

ಒಂದು ದಿನ ಆಪಾ ತನ್ನ ಮೊಮ್ಮಗಳನ್ನು ಅಂಗಡಿಗೆ ಎತ್ತಿಕೊಂಡು ಬಂದಳು, ಸೊಸೆಗೆ ಹುಷಾರಿಲ್ಲ ಎಂದು. ನನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡದು. ಆಪಾ ಹಿಂದೆ ಮುಂದೆ ನೋಡದೆ, "ಹಿಡ್ಕಳ್ರಿ ಅಕ್ಕಾ, ನಾನು ಆ ಫಾಲ್ ಮುಗಿಸ್ತೀನಿ" ಎಂದು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿಬಿಟ್ಟಳು. ಒಂದು ವರ್ಷದಲ್ಲಿ ನನ್ನ ಮೈಗೆ ತಾಗಿದ ಮೊದಲ ಮಗು. ಬೆಚ್ಚಗಿತ್ತು, ಭಾರವಾಗಿತ್ತು, ನನ್ನ ಕೊರಳಿನ ಟೇಪನ್ನು ಹಿಡಿದು ಎಳೆಯಿತು. ನನ್ನ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಹೋದವು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದುಕೊಂಡೆ, ನನ್ನ ಮೂಗಿನ ಗಾಳಿ ಅದಕ್ಕೆ ಬಡಿಯಬಾರದೆಂದು. "ಎತ್ಗೊ ಆಪಾ, ಎತ್ಗೊ" ಎಂದೆ. ಅವಳು ಗಾಬರಿಯಿಂದ ಮಗುವನ್ನು ಎತ್ತಿಕೊಂಡಳು. "ಯಾಕ್ರೀ, ಏನಾತು" ಎಂದಳು. ಬೀಗಿತ್ತಿಯೊಂದಿಗೆ, ಮಗಳೊಂದಿಗೆ ಇಷ್ಟು ದಿನ ವಾದ ಮಾಡಿದ್ದೆ. ಒಳಗೆ ನಾನೂ ಯಾವಾಗಲೋ ಸೋತು ಅವರ ಕಡೆ ಸೇರಿಬಿಟ್ಟಿದ್ದೆ. ಅದು ತಿಳಿದ ಕ್ಷಣ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ.

ಹಕ್ಕಳೆ ಮತ್ತೆ ಬಂದದ್ದು ಅದಾದ ಸ್ವಲ್ಪ ದಿನಕ್ಕೇ. ಈ ಸಲ ಎಣ್ಣೆ ಅರಿಶಿನ ಎಂದು ಕೂರಲಿಲ್ಲ, ನೇರ ಬೆಂಗಳೂರಿಗೆ ಹೋದೆ. ಅದೇ ಡಾಕ್ಟರು. ಬಹಳ ಹೊತ್ತು ನೋಡಿದಳು. ಇಷ್ಟು ಬೇಗ ತಿರುಗಿ ಬಂದಿರುವುದರಿಂದ ಇನ್ನೊಮ್ಮೆ ವಿಕಿರಣ ಕೊಟ್ಟು ಪ್ರಯೋಜನವಿಲ್ಲ, ಆಪರೇಷನ್ ಒಂದೇ ದಾರಿ, ಅರ್ಧ ಅಲ್ಲ, ಪೂರ್ತಿ ತೆಗೆಯಬೇಕಾಗುತ್ತದೆ ಎಂದಳು. ಗಾಯ ಪೂರ್ತಿ ಮಾಗಿದ ಮೇಲೆ ಕೃತಕ ಮೂಗು ಮಾಡಿಸಬಹುದು, ಕನ್ನಡಕಕ್ಕೆ ಸೇರಿಸಿ ಹಾಕಿಕೊಳ್ಳುವಂಥದ್ದು, ಅದಕ್ಕೆ ತಿಂಗಳುಗಳು ಬೇಕು ಎಂದಳು. ಅವಳ ಮುಖ ನೋಡಿ ನನಗೇ ಪಾಪ ಎನಿಸಿತು. "ತೆಗೀರಿ" ಎಂದೆ. ನಮ್ಮನೆಯವರು ಎದ್ದು ಹೊರಗೆ ಹೋದರು.

ಆಸ್ಪತ್ರೆಗೆ ಸೇರಿಸಿದ ದಿನ ಮಗಳು ಬಂದಳು. ಮಗುವನ್ನು ಜಗಳೂರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಬಂದಿದ್ದಳು. ಕುರ್ಚಿಯಲ್ಲಿ ಕೂರದೆ ಮಂಚದ ಮೇಲೆ, ನನ್ನ ಮಗ್ಗುಲಿಗೇ ಬಂದು ಕೂತಳು. ತಲೆ ಬಾಚಿದಳು. ಕೈ ಹಿಡಿದುಕೊಂಡಳು. ಎಷ್ಟು ದಿನವಾಗಿತ್ತೋ ಅವಳು ನನ್ನನ್ನು ಮುಟ್ಟಿ. ಅವಳ ಮುಖದಲ್ಲಿ ಭಯ ಇರಲಿಲ್ಲ, ಬಿಟ್ಟುಹೋದ ಏನೋ ಒಂದು ತಿರುಗಿ ಸಿಗುತ್ತದೆ ಎನ್ನುವವರ ಉತ್ಸಾಹ ಇತ್ತು.

"ಅವ್ವಾ, ಆಪರೇಷನ್‌ನಾಗೆ ಕರೆಂಟು ಗಿರೆಂಟು ಏನೂ ಇಲ್ವಂತೆ. ಡಾಕ್ಟ್ರನ್ನ ಕೇಳ್ದೆ" ಎಂದಳು. "ಅತ್ತೇನೂ ಒಪ್ಪಿದ್ರು. ಅದನ್ನ ತೆಗೆದ್ ಮ್ಯಾಲೆ ಒಳಗಿದ್ದ ಕಿರಣಾನೂ ಅದರ ಜತೀಗೇ ಹೋಗ್ತೈತಲ್ಲ, ಇನ್ನೇನ್ ಭಯ ಅಂದ್ರು. ನಂಗೂ ಧೈರ್ಯ ಬಂತು. ನೀನು ಮನೆಗೆ ಬಂದ್ ತಕ್ಷಣ ಪಾಪುನ ಕರ್ಕಂಬರ್ತೀನಿ. ನಿನ್ ತೊಡೀ ಮ್ಯಾಲೇ ಹಾಕ್ತೀನಿ. ಎಷ್ಟ್ ದಿನ ಬೇಕಾದ್ರೂ ಇಟ್ಗ."

ಒಂದು ವರ್ಷದಿಂದ ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ. ಅವಳು ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನಗುತ್ತಿದ್ದಳು.

"ಪಾಪು ಹೊಸ ಮುಖ ಕಂಡ್ರೆ ಅಳ್ತಾಳಾ?" ಎಂದು ಕೇಳಿದೆ.

"ಈಗೀಗ ಬಾಳ ಅಳ್ತಾಳವ್ವಾ" ಎಂದಳು ಮಗಳು, ಇನ್ನೂ ನಗುತ್ತಲೇ. "ಮುಖ ಗುರ್ತು ಹಿಡೀತಾಳೆ ನೋಡು. ಸ್ವಲ್ಪ ಹೊತ್ತು ಅಷ್ಟೇ, ಆಮ್ಯಾಲೆ ಒಗ್ಗಿಕೊಳ್ತಾಳೆ."

ಹೂಂ ಎಂದೆ. ನರ್ಸು ಆಪರೇಷನ್ನಿನ ಒಪ್ಪಿಗೆ ಕಾಗದ ತಂದು ಹೆಬ್ಬೆಟ್ಟೋ ಸಹಿಯೋ ಎಂದು ಕೇಳಿದಳು. ಸಹಿ ಮಾಡಿದೆ.